ಓದಿ ಕೇಳಿಸುವ ನಿಯಮ

ಮೂರನೆಯ ವಾಕ್ಯಕ್ಕೇ, ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಬೀರಪ್ಪ ನಕ್ಕುಬಿಟ್ಟ.

ಮೋನಿಕಾ ತನ್ನ ವರದಿ ಓದುವುದನ್ನು ನಿಲ್ಲಿಸಿದಳು. ಒಂದು ಕುರಿಯ ಉಣ್ಣೆ ಕತ್ತರಿಸಲು ಸರಾಸರಿ ಹನ್ನೊಂದು ನಿಮಿಷ ಬೇಕು ಎಂದಿತ್ತು ಆ ವಾಕ್ಯ. ಕಳೆದ ಭಾನುವಾರ ಇದೇ ಬೇವಿನ ಮರದಡಿ ಕುಳಿತು, ಇಪ್ಪತ್ತು ಕುರಿಗಳ ಲೆಕ್ಕ ಹಿಡಿದು ತೆಗೆದ ಸರಾಸರಿ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

"ಏನಾಯ್ತು?"

"ಏನಿಲ್ಲವ್ವ, ಓದು. ನನ್ ಕತ್ರಿಗೆ ಗಡಿಯಾರ ಕಟ್ಟಿದ್ಯಲ್ಲ, ಅದಕ್ಕೆ."

ಹರಿಯಬ್ಬೆ ಊರ ಹೊರಗಿನ ಈ ಹಟ್ಟಿಗೆ ಅವಳು ಎರಡನೆಯ ಸಲ ಬಂದದ್ದು ನಿಯಮದ ಸಲುವಾಗಿ. ಯಾರ ಬಗ್ಗೆ ಬರೆದಿದೆಯೋ ಅವರೆದುರು ಪೂರ್ತಿ ಓದಿ ಕೇಳಿಸದೆ, ಚಿತ್ರದುರ್ಗದ ಅವಳ ಕಾಲೇಜಿನ ವರದಿಗಾರರ ಕೂಟದಿಂದ ಯಾವ ವರದಿಯೂ ಹೊರಗೆ ಹೋಗುವಂತಿಲ್ಲ. ಬದುಕಿದ್ದ ಬಸ್ ಕಂಡಕ್ಟರೊಬ್ಬರಿಗೆ ಕೂಟದ ಗೋಡೆಪತ್ರಿಕೆ ಶ್ರದ್ಧಾಂಜಲಿ ಸಲ್ಲಿಸಿ, ಅವರೇ ಬಂದು ಅದನ್ನು ನಿಂತು ಓದಿದ ವರ್ಷ ಹುಟ್ಟಿದ ನಿಯಮ. ಅದನ್ನು ಬರೆದವನು ಆಗಿನ ಕಾರ್ಯದರ್ಶಿ ರಂಗೇಶ್. ಈಗ ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ವರ್ಷಕ್ಕೊಬ್ಬರಂತೆ ಕೂಟದವರಿಗೆ ಅಲ್ಲಿ ತರಬೇತಿಯ ಜಾಗ ಕೊಡಿಸುವವನು. ಈ ವರ್ಷದ ಜಾಗ ಬೇಕಿದ್ದರೆ ಮೋನಿಕಾಳ ವರದಿ ನಾಲ್ಕು ಗಂಟೆಯೊಳಗೆ ಅವನನ್ನು ತಲುಪಬೇಕು. ಈಗ ಮೂರೂ ಹತ್ತು.

ಅವಳದು ಭೌತಶಾಸ್ತ್ರ. ಪ್ರಶ್ನೆ ಕೇಳಬೇಕಾದಾಗ ನಾಲಿಗೆ ಒಣಗುತ್ತಿತ್ತು. ತಕ್ಕಡಿ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಕಳೆದ ವಾರ ಇಡೀ ದಿನ ಇಲ್ಲಿದ್ದು ಅವಳು ಕೇಳಿದ್ದು ಎರಡು ಹೆಸರು, ಎರಡು ವಯಸ್ಸು, ಕುಡಿಯಲು ನೀರು.

ಕೊನೆಯ ವಾಕ್ಯಕ್ಕೆ ಬಂದಳು. "ಹೀಗೆ ಕುರಿಯೊಂದಕ್ಕೆ ನಾನೂರ ಎಂಬತ್ತು ಗ್ರಾಂನಂತೆ ದೊರೆಯುವ ಉಣ್ಣೆ, ಕಂಬಳಿ ನೇಕಾರರ ಮಗ್ಗಗಳನ್ನು ಸೇರುತ್ತದೆ."

ಈ ಸಲ ಬೀರಪ್ಪ ನಗಲಿಲ್ಲ. ಕತ್ತರಿ ನಿಂತಿತು. ಕುರಿಯ ಕಾಲು ಹಿಡಿದಿದ್ದ ಅವನ ಹೆಂಡತಿ ನಿಂಗಕ್ಕ ತಲೆಯೆತ್ತಿದಳು.

"ಯಾರ್ ಹೇಳಿದ್ರು ನಿಂಗೆ?"

"ಉಣ್ಣೆ ಮತ್ತೆಲ್ಲಿಗೆ ಹೋಗುತ್ತೆ?"

"ಗ್ರಾಂ ಗ್ರಾಂ ತೂಗಿದ್ಯಲ್ಲೇ ತಾಯಿ. ತೂಗಿದ್ ಮ್ಯಾಲೆ ಎಲ್ಲಿಗೆ ಹೋತು ಅಂತ ಒಂದ್ಸಲ ತಿರುಗಿ ನೋಡ್ಬಾರ್ದಾ?"

ನಿಂಗಕ್ಕ ಬೇಲಿಯಾಚೆಯ ಕೊರಕಲನ್ನು ಗದ್ದದಿಂದಲೇ ತೋರಿಸಿದಳು. ಅಲ್ಲಿ ಕಪ್ಪಗೆ ಬಿದ್ದದ್ದನ್ನು ಮೋನಿಕಾ ಎರಡೂ ಸಲ ಸುಟ್ಟ ಹುಲ್ಲೆಂದು ಬಗೆದು ದಾಟಿ ಬಂದಿದ್ದಳು. ಅದು ಉಣ್ಣೆ. ಮಳೆಗೆ, ಬಿಸಿಲಿಗೆ ಹೆಪ್ಪುಗಟ್ಟಿದ, ವರ್ಷಗಳ ಉಣ್ಣೆ.

"ಕೊಳ್ಳೋರು ಬಂದು ನಾಕ್ ವರ್ಷ ಆತು," ಎಂದ ಬೀರಪ್ಪ. "ಕುರಿಗೆ ಸೆಕೆ ಆಗ್ಬಾರ್ದು ಅಂತ ಕತ್ತರಸ್ತೀವಿ, ಬಿಸಾಕ್ತೀವಿ."

"ಹೇಳಬಹುದಿತ್ತಲ್ಲ?"

"ನಿನ್ ತಕ್ಕಡಿ ನೋಡಿ, ಕೊಳ್ಳಾಕೇ ಬಂದೋಳು ಅನ್ಕಂಡಿದ್ವಿ," ನಿಂಗಕ್ಕ ಈಗ ಜೋರಾಗಿ ನಕ್ಕಳು. "ಮತ್ತೆ ಅವತ್ತು ಕೆನೆ ಮೊಸರು ಸುಮ್ಕೆ ಇಕ್ಕಿದ್ನೇನು?"

ಮೋನಿಕಾಗೆ ಆ ಮೊಸರಿನ ರುಚಿ ನೆನಪಾಗಲಿಲ್ಲ. ಅದನ್ನು ಬರೆದುಕೊಂಡಿರಲಿಲ್ಲ.

ಫೋನ್ ಅದುರಿತು. ರಂಗೇಶ್.

"ಏನಮ್ಮ, ಎಲ್ಲಿದೀಯ? ಇನ್ನೂ ಬಂದಿಲ್ಲ."

"ಓದಿ ಕೇಳಿಸ್ತಿದ್ದೆ ಸರ್."

"ಅದಿನ್ನೂ ನಡೀತೈತಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಕಾಲೇಜಿನ ಆಟ ಕಣಮ್ಮ ಅದು. ಇಲ್ಲಿ ಯಾರಿಗೆ ಟೈಮ್ ಐತೆ? ಕಳಿಸು."

"ಕೊನೆ ವಾಕ್ಯ ತಪ್ಪು ಸರ್."

"ತೆಗೆದಾಕು. ಒಂದು ವಾಕ್ಯ ತಾನೆ?"

ಹೌದು, ಒಂದೇ. ಅದನ್ನು ಅಳಿಸಿದರೆ ಉಳಿಯುವ ಹನ್ನೆರಡು ವಾಕ್ಯಗಳಲ್ಲಿ ಯಾವ ದೋಷವೂ ಇರಲಿಲ್ಲ. ಎರಡು ಹೆಸರುಗಳ ಜಾಗದಲ್ಲಿ ಬೇರೆ ಎರಡು ಹೆಸರು ಕೂರಿಸಿದರೂ ಇರುತ್ತಿರಲಿಲ್ಲ. ತಾವೇ ಇಲ್ಲದ ಆ ಬರಹ ಮುಂದುವರಿಯಲೆಂದು ಎದುರಿಗೆ ಇಬ್ಬರು ಇನ್ನೂ ಸೌಜನ್ಯದಿಂದ ಕಾಯುತ್ತಿದ್ದರು.

"ಆಗಲ್ಲ ಸರ್," ಎಂದಳು. ದನಿ ತನ್ನದೆನಿಸಲಿಲ್ಲ. "ಅಲ್ಲಿಂದಲೇ ಶುರು ಮಾಡಬೇಕು. ಇವರನ್ನ ಕೇಳೋದು ಇನ್ನೂ ಬಹಳ ಇದೆ."

ಆ ಕಡೆ ರಂಗೇಶ್ ಕೀಲಿಮಣೆ ಕುಟ್ಟುತ್ತಲೇ ಮಾತಾಡಿದ.

"ಕೂಟದ ಇನ್ನಿಬ್ಬರ ವರದಿ ಬಂದಾಗೈತೆ, ಗೊತ್ತಲ್ಲ? ನಾಲ್ಕು ಅಂದ್ರೆ ನಾಲ್ಕೇ." ತಡೆದು, ತಗ್ಗಿದ ದನಿಯಲ್ಲಿ ಹೇಳಿದ: "ನಾನು ಆರರವರೆಗೆ ಆಫೀಸಲ್ಲಿರ್ತೀನಿ. ಭರವಸೆ ಏನೂ ಕೊಡಲ್ಲ."

ಮೋನಿಕಾ ಹಾಳೆ ಮಡಚಿ ನೆಲದ ಮೇಲೆ ಕುಳಿತಳು. ನಾಲಿಗೆ ಒಣಗಿಯೇ ಇತ್ತು.

"ಕೊನೇ ಸಲ ಉಣ್ಣೆ ಕೊಂಡವರು ಯಾರು, ನಿಂಗಕ್ಕ?"

"ಅಲ್ಲಿ ಮುಳ್ಳೈತೆ, ಈ ಕಡೀಕ್ ಸರಿ," ಎಂದಳು ನಿಂಗಕ್ಕ. "ಜುಂಜಯ್ಯ ಅಂತ ಒಬ್ಬ ಇದ್ದ. ಮಾತ್ ಕೇಳಿದ್ರೆ ಕುರೀನೂ ನಗಬೇಕು, ಅಂಥೋನು..."

ಅಷ್ಟರಲ್ಲಿ ಬೀರಪ್ಪ, ಮರಿಗಳನ್ನು ಕೂಡಿದ್ದ ರೊಪ್ಪದ ಬಾಗಿಲು ತೆಗೆದು ಅವನ್ನು ಹೊರಗೆ ಬಿಟ್ಟ. ಒಂದು ಮರಿ ತಾಯಿಯನ್ನು ಹುಡುಕುತ್ತ ಓಡಿ ಬಂದು, ಬೋಳಾಗಿ ನಿಂತಿದ್ದ ಕುರಿಯೊಂದನ್ನು ಮೂಸಿತು. ಒದೆ ತಿಂದು ಇನ್ನೊಂದರತ್ತ ಹೋಯಿತು, ಮತ್ತೊಂದರತ್ತ. ಬೆಳಿಗ್ಗೆ ಬೇರೆಬೇರೆಯಾಗಿ ಕಾಣುತ್ತಿದ್ದ ಕುರಿಗಳು ಉಣ್ಣೆ ಹೋದ ಮೇಲೆ ಎಲ್ಲ ಒಂದೇ ಬಣ್ಣ, ಒಂದೇ ಆಕಾರ. ನಡುವೆ ನಿಂತು ಅದು ಕೂಗಿತು. ಮಂದೆಯ ಆಚೆ ತುದಿಯಿಂದ ಯಾವುದೋ ಒಂದು ಓಗೊಟ್ಟಿತು. ಮರಿ ಕಿವಿ ನಿಗುರಿಸಿತು. ಮುಂಗಾಲೊಂದು ನೆಲದಿಂದ ಎದ್ದು, ಗಾಳಿಯಲ್ಲಿ ಹಾಗೆಯೇ ನಿಂತಿತ್ತು.