ಈರುಳ್ಳಿ ಪಾಲಿನ ನೀರು

ಸಬೋಹತಳ ಈರುಳ್ಳಿ ಮಡಿ ಬಿರುಕು ಬಿಟ್ಟಿತ್ತು. ಅವಳು ಮಾತ್ರ ಬೆಳಗಿನಿಂದ ರಸ್ತೆಗೆ ನೀರು ಹೊಯ್ಯುತ್ತಿದ್ದಳು. ಅದೂ ಬೇರೆ ನೀರಲ್ಲ, ಅವಳ ಮಡಿಗೇ ಹರಿಯಬೇಕಿದ್ದ ಕಾಲುವೆಯ ನೀರು.

ಜರಫ್ಶಾನ್ ಕಣಿವೆಯ ಆ ಹಳ್ಳಿಗೆ ಹೊಸ ಕಾಂಕ್ರೀಟ್ ರಸ್ತೆ ಬಂದಿತ್ತು. ಒಳಗೆ ಕಬ್ಬಿಣದ ಸರಳಿಲ್ಲ. ಸೂಜಿಯಂಥ ಉಕ್ಕಿನ ಎಳೆಗಳನ್ನು ಕಲಸಿ ಸುರಿದಿದ್ದರು. ಗಟ್ಟಿಯಾಗುವ ತನಕ ಗೋಣಿ ಹೊದಿಸಿ ಒದ್ದೆಯಾಗಿಯೇ ಇಡಬೇಕು. ಗೋಣಿ ಸರಿಸುವಾಗ ಮೇಲೆದ್ದ ಎಳೆಗಳು ಬೆರಳಿಗೆ ಚುಚ್ಚುತ್ತಿದ್ದವು.

ಗಂಡಸರೆಲ್ಲ ರಷ್ಯಾದಲ್ಲಿ ದುಡಿಯುತ್ತಿದ್ದರು. ಗುತ್ತಿಗೆದಾರ ಮಿರ್ಜೋಬೆಕ್ ಕಾಲುವೆಯನ್ನು ರಸ್ತೆಬದಿಯ ಗುಂಡಿಗೆ ತಿರುಗಿಸಿ, ಮಡಿಗಳ ಕಡೆಯ ತೂಬಿಗೆ ಬೀಗ ಜಡಿದು, ಹೆಂಗಸರನ್ನು ಕರೆದು, “ಹಶರ್ ಮಾಡೋಣ” ಎಂದಿದ್ದ. ಹಶರ್ ಎಂದ ಮೇಲೆ ಕೂಲಿಯ ಮಾತಿಲ್ಲ. ಇಂದು ಒಬ್ಬರ ಕೆಲಸಕ್ಕೆ ಊರೆಲ್ಲ ಕೈ ಹಾಕುವುದು, ನಾಳೆ ಅವರು ಬಂದು ಇವರ ಕೆಲಸಕ್ಕೆ ಕೈ ಹಾಕುವುದು. ಮಿರ್ಜೋಬೆಕನಿಗೆ ಮೊದಲರ್ಧ ಮಾತ್ರ ನೆನಪಿತ್ತು.

“ಇದು ತೆಳ್ಳಗಿದ್ರೂ ಗಟ್ಟಿ ರಸ್ತೆ ಅಕ್ಕ,” ಎಂದ ಅವನು, ನೆರಳಲ್ಲಿ ಕೂತು ಚಹಾ ಹೀರುತ್ತ. “ಸಿಮೆಂಟು ಕಮ್ಮಿ, ಹೊಗೆ ಕಮ್ಮಿ, ಖರ್ಚು ಕಮ್ಮಿ. ಭೂಮಿಗೆ ಒಳ್ಳೇದು.”

“ಯಾವ ಭೂಮಿಗಣ್ಣ?” ಸಬೋಹತ್ ಬಕೆಟ್ ಇಳಿಸಿದಳು. “ನನ್ನ ಮಡಿ ಅದರಲ್ಲಿ ಸೇರಿಲ್ವಾ?”

“ಉಳಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳಬೇಡ ಕಣೇ,” ಎಂದಳು ನೆರೆಮನೆಯ ಗುಲ್‌ಚೆಹ್ರಾ. “ಅಣ್ಣನ ಹೊಟ್ಟೆ ಕಾಣಲ್ವಾ?”

ಎಲ್ಲರೂ ನಕ್ಕರು. ಅವನೂ ನಕ್ಕ. ಬೀಗ ಮಾತ್ರ ತೆಗೆಯಲಿಲ್ಲ.

“ಇನ್ನೊಂದು ವಾರ ತಡ್ಕೊಳ್ಳಿ.”

“ನಾವು ತಡ್ಕೋತೀವಿ,” ಎಂದಳು ಸಬೋಹತ್. “ಈರುಳ್ಳಿ ತಡ್ಕೊಳ್ಳಲ್ಲ. ಚಳಿಗಾಲಕ್ಕೆ ನಮಗಿರೋದು ಅದೊಂದೇ.”

ಮರುದಿನ ಅವನು ಬಂದಾಗ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಗೋಣಿಗಳು ಒಣಗಿ ರೊಟ್ಟಿಯಾಗಿದ್ದವು. ಹೆಂಗಸರೆಲ್ಲ ಸಬೋಹತಳ ಮಡಿಯಲ್ಲಿ ಕಳೆ ಕೀಳುತ್ತಿದ್ದರು. ಬದುವಿನ ಮೇಲೆ ಚಹಾ ಕುದಿಯುತ್ತಿತ್ತು.

ಅವನು ಓಡಿಬಂದ. “ಏನಿದು, ದಂಗೆ ಏಳ್ತಿದೀರಾ?”

“ಬಿಡ್ತು ಅನ್ನಿ!” ಸಬೋಹತ್ ರೊಟ್ಟಿ ಮುರಿದು ಎರಡೂ ಕೈಯಲ್ಲಿ ನೀಡಿದಳು. “ಹಶರ್ ಅಣ್ಣ. ನೀವು ಕರೆದ್ರಿ, ನಾವು ಬಂದ್ವಿ. ಈಗ ನಾನು ಕರೀತಿದೀನಿ. ನೀರು ತಗೊಂಡು ಬನ್ನಿ.”

“ಬಿಸಿಲಿಗೆ ರಸ್ತೆ ಸೀಳಿಹೋಗುತ್ತೆ! ನಾಳಿದ್ದು ಸರ್ಕಾರದ ಸಾಹೇಬ್ರು ರಸ್ತೆ ನೋಡೋಕೆ ಬರ್ತಾರೆ!”

“ಹಂಗಾದ್ರೆ ತಡ ಮಾಡಬೇಡಿ.”

“ನಾನು ಗುತ್ತಿಗೆದಾರ ಕಣಮ್ಮ, ಹಶರ್‌ಗೆ ಬರೋನಲ್ಲ!”

“ಓ, ಹಶರ್ ಅಲ್ವಾ?” ಗುಲ್‌ಚೆಹ್ರಾ ಸೊಂಟದ ಮೇಲೆ ಕೈಯಿಟ್ಟಳು. “ಹಂಗಾದ್ರೆ ನಾವು ಇಷ್ಟು ದಿನ ಮಾಡಿದ್ದು ಕೂಲಿ ಕೆಲಸ, ಕೂಲಿ ಮಾತ್ರ ಬಂದಿಲ್ಲ. ಸಾಹೇಬ್ರು ಬಂದಾಗ ಅದನ್ನೇ ಹೇಳೋಣ ಬಿಡಿ.”

ಮಿರ್ಜೋಬೆಕ್ ಬಿಸಿಲಿಗೆ ಕಾಯುತ್ತಿದ್ದ ರಸ್ತೆಯತ್ತ ನೋಡಿದ. ನೀಡಿದ ರೊಟ್ಟಿಯನ್ನು ನೋಡಿದ. ಅದನ್ನು ಬೇಡ ಎನ್ನುವವನನ್ನು ಆ ಕಣಿವೆಯಲ್ಲಿ ಯಾರೂ ಮನೆಯೊಳಗೆ ಕರೆಯುವುದಿಲ್ಲ. ರೊಟ್ಟಿ ಇಸಕೊಂಡ. ಜೇಬಿನಿಂದ ಬೀಗದ ಕೈ ತೆಗೆದ.

ತೂಬು ಎದ್ದಿತು. ನೀರು ಕಸಕಡ್ಡಿ ತಳ್ಳಿಕೊಂಡು ಬಂದು ಮಡಿಗೆ ನುಗ್ಗಿತು. ಬಿರುಕುಗಳು ಗುಟುಗುಟು ಕುಡಿದವು. ಯಾರೋ ಅವನ ಕೈಗೊಂದು ಗುದ್ದಲಿ ಕೊಟ್ಟರು.

“ಇದು ತುಂಬಿದ ಮೇಲೆ ರಸ್ತೆಗೆ ಬರ್ತೀರಿ ತಾನೇ?” ಮೆತ್ತಗೆ ಕೇಳಿದ.

ಸಬೋಹತ್ ಕಣಿವೆಯುದ್ದಕ್ಕೂ ಒಣಗಿ ನಿಂತ ಮಡಿಗಳತ್ತ ಕಣ್ಣು ಹಾಯಿಸಿದಳು.

“ಬರದೆ ಇರ್ತೀವಾ? ಇವತ್ತು ನನ್ನ ಹಶರ್. ಆಮೇಲೆ ಗುಲ್‌ಚೆಹ್ರಾದು. ಆಮೇಲೆ ಇವರೆಲ್ಲರದೂ ಸಾಲಾಗಿ ಇದೆ. ಅದು ಮುಗಿದ ಮೇಲೆ ನಿಮ್ಮದೇ ಅಣ್ಣ.”