ಹೇಳಿಕೊಟ್ಟ ಮಾತು

ಧಾರಾವಾಹಿಯ ಸೆಟ್ಟಿನಲ್ಲಿ ಕ್ಯಾಮೆರಾದ ಪಕ್ಕ ಕೂತು ಸಂಭಾಷಣೆಯನ್ನು ಸಾಲುಸಾಲಾಗಿ ಓದುವುದು ಅವನ ಕೆಲಸ. ನಟರು ಕೇಳಿಸಿಕೊಂಡು ಹಾಗೇ ಒಪ್ಪಿಸುತ್ತಾರೆ, ಅವನ ದನಿಯನ್ನು ಆಮೇಲೆ ಅಳಿಸಿಹಾಕುತ್ತಾರೆ. ಎಲ್ಲರಿಗೂ ಅವನು ಪ್ರಾಂಪ್ಟರ್. ಊರಿಗೆಲ್ಲ ಮಾತು ಹೇಳಿಕೊಡುವ ಈ ಮಹಾಶಯನ ಜೊತೆ ಒಡಹುಟ್ಟಿದ ತಂಗಿಯೇ ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪ ಸಾಯುವಾಗ ಇವನ ಪತ್ತೆಯಿರಲಿಲ್ಲ. ಕುಡಿತ, ಇನ್ನೇನು. ಆಮೇಲೆ ಕುಡಿತವನ್ನೇನೋ ಬಿಟ್ಟ, ಅವಳ ಮನೆ ಬಾಗಿಲು ಮಾತ್ರ ತೆರೆಯಲಿಲ್ಲ. ಆದರೂ ಇವನ ಕೆಲಸ ಅಲ್ಲೇ ಎಂದು ಗೊತ್ತಿದ್ದ ಅವಳು ಈ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಸೋದರತ್ತೆಯ ಬಾಯಿಂದ ಕೇಳಿದ್ದ.

ಧಾರಾವಾಹಿಯಲ್ಲೂ ಒಬ್ಬ ದೊಡ್ಡಣ್ಣನಿದ್ದ. ಮನೆಹಾಳ. ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಂಡವನು. ಆದರೇನು, ಜನಕ್ಕೆ ಅವನೇ ಅಚ್ಚುಮೆಚ್ಚು! ಅವನನ್ನು ಒಳ್ಳೆಯವನನ್ನಾಗಿ ಮಾಡಿ ಎಂದು ಚಾನೆಲ್‌ನವರು ಅಪ್ಪಣೆ ಕೊಟ್ಟರು. ಅದಕ್ಕೆ ಒಂದು ವಾರ ಸಾಕಂತೆ. ತಂಗಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳುವ ದೃಶ್ಯದಲ್ಲಿ ಬರೆದವರು ನೆವಗಳನ್ನು ಧಾರಾಳವಾಗಿ ತುರುಕಿದ್ದರು. ಕೆಟ್ಟ ಸಹವಾಸ, ಹಾಳು ವಿಧಿ, ಮಾಡಿದ್ದೆಲ್ಲ ನಿನ್ನ ಒಳ್ಳೆಯದಕ್ಕೇ.

ಓದುತ್ತಾ ಓದುತ್ತಾ ಪ್ರಾಂಪ್ಟರ್‌ಗೆ ಮೈಯೆಲ್ಲ ಉರಿಯಿತು. ಹಾಳೆ ಬಿಟ್ಟು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನೆವ ಏನೂ ಇಲ್ಲ ಕಣೇ. ಅಪ್ಪ ಸಾಯೋವಾಗ ಪಕ್ಕದ ಬೀದೀಲಿ ಕುಡೀತಾ ಕೂತಿದ್ದೆ. ನನಗೆ ಗೊತ್ತೇ ಆಗ್ಲಿಲ್ಲ."

ಪುಣ್ಯಕ್ಕೆ ಕಥೆಯಲ್ಲೂ ಅಪ್ಪ ಸತ್ತಿದ್ದ. ಕಿವಿಗೆ ಬಿದ್ದದ್ದನ್ನು ಒಪ್ಪಿಸಿಯೇ ರೂಢಿಯಾದ ನಟ ಒಂದಕ್ಷರ ಬಿಡದೆ ಒಪ್ಪಿಸಿದ. ನಿರ್ದೇಶಕ ಹಾಳೆ ನೋಡುವ ಗೋಜಿಗೇ ಹೋಗದೆ ಭೇಷ್ ಎಂದ. ಅದು ಪ್ರಸಾರವಾದ ಮರುದಿನ ತಂಗಿಯ ಫೋನು ಬಂತು.

"ಇನ್ನೊಬ್ಬನ ಬಾಯಲ್ಲಿ ಹೇಳಿಸ್ತೀಯಲ್ಲ, ನಿನಗೆ ಬಾಯಿಲ್ವಾ? ಬಂದು ನೀನೇ ಹೇಳು."

ಹೋದ. ಅವಳು ಬಾಗಿಲಲ್ಲೇ ನಿಲ್ಲಿಸಿದಳು. ಪಜೀತಿ ನೋಡಿ, ಇಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಹೇಗೋ ತಡವರಿಸುತ್ತಾ ಅದೇ ಸಾಲುಗಳನ್ನು ಒಪ್ಪಿಸಿದ. ಧಾರಾವಾಹಿಯ ತಂಗಿ ಇಷ್ಟು ಹೊತ್ತಿಗೆ ಅಣ್ಣನ ಎದೆಗೊರಗಿ ಗೊಳೋ ಎಂದು ಅತ್ತಿದ್ದಳು. ಇವಳು ಕದಲಲಿಲ್ಲ.

"ಮುಗೀತಾ?" ಅಂದಳು.

ಮುಗಿದಿರಲಿಲ್ಲ. ಅವನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ನೆಲ ನೋಡುತ್ತಾ ನಿಂತ.

"ಗೊತ್ತಾಗ್ಲಿಲ್ಲ ಅಂದಿದ್ದು ಸುಳ್ಳು. ಸುದ್ದಿ ಬಂದಿತ್ತು. ಮನೆ ಬಾಗಿಲ ತನಕ ಬಂದಿದ್ದೆ. ಒಳಗೆ ನೀನು ಅಪ್ಪನಿಗೆ, ಅಣ್ಣ ಬರ್ತಾನೆ ಇರಪ್ಪಾ ಅಂತಿದ್ದೆ. ಕೇಳಿಸ್ಕೊಂಡೂ ವಾಪಸ್ ಹೋದೆ."



"ಕಿಟಕೀಲಿ ನೋಡಿದ್ದೆ," ಅಂದಳು. "ಅದನ್ನ ಯಾವಾಗ ಹೇಳ್ತೀಯ ಅಂತಾನೇ ಇಷ್ಟು ವರ್ಷ ಕಾದಿದ್ದು."

ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.