ಮಳಿಗೆಯ ಮುಂದಿನ ಒಗೆಯುವ ಕಲ್ಲು

ಹಳೇಬೀಡಿನ ಉತ್ಸವದಲ್ಲಿ ಕಾಂಚನಮಾಲಾಳ ಹಪ್ಪಳದ ಮಳಿಗೆಗೇ ಜನ ಮುಗಿಬಿದ್ದಿದ್ದರು. ಹಳೆಯ ಅಕ್ಷರಗಳಿದ್ದ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಗಂಡ ಸುಪಾರ್ಶ್ವ ಅಲಂಕಾರಕ್ಕೆಂದು ಬಸ್ತಿಹಳ್ಳಿಯ ತಮ್ಮ ಮನೆಯಿಂದ ತಂದು ಮುಂದೆ ನಿಲ್ಲಿಸಿದ್ದ. ಎಲ್ಲರೂ ಅದರ ಪಕ್ಕ ಫೋಟೋ ತೆಗೆಸಿಕೊಂಡು ಹಪ್ಪಳ ಕೊಳ್ಳುತ್ತಿದ್ದರು.

ಶಾಸನ ಓದಬಲ್ಲ ಮೇಷ್ಟ್ರೊಬ್ಬರು ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು. ಓದಿ ಮುಗಿಸಿ, "ಇದು ನಿಮ್ಮ ಜೈನರದ್ದೇ ಕಣಮ್ಮ. ಸಲ್ಲೇಖನ ವ್ರತ ಹಿಡಿದು, ಅನ್ನ-ನೀರು ತೊರೆದು ಪ್ರಾಣ ಬಿಟ್ಟ ಹೆಂಗಸಿನ ನೆನಪಿನ ಕಲ್ಲು. ಮನೇಲಿ ಪೂಜೆ ಮಾಡ್ತಿದ್ರಾ?" ಎಂದರು.

ಕಾಂಚನಮಾಲಾ ಗಂಡನತ್ತ ತಿರುಗಿದಳು. ಇಪ್ಪತ್ತು ವರ್ಷ ಮಕ್ಕಳ ಹೇಲುಬಟ್ಟೆಯನ್ನೂ ಅದರ ಮೇಲೇ ಬಡಿದು ಒಗೆದಿದ್ದಳು.

"ರೀ, ಇದನ್ನ ಮೊದ್ಲು ಮನೆಗೆ ತಗೊಂಡೋಗಿ."

"ಸುಮ್ನಿರೇ, ಜನ ನಿಂತಿರೋದೇ ಅದಕ್ಕೆ. ಸಂಜೆ ನೋಡೋಣ."

ಕಾಂಚನಮಾಲಾ ಮೇಜಿನ ಬಟ್ಟೆಯನ್ನು ಎಳೆದು ಕಲ್ಲಿಗೆ ಹೊದಿಸಿದಳು. ಹಪ್ಪಳವೆಲ್ಲ ನೆಲಕ್ಕೆ ಬಿತ್ತು.